ಸೌದೆಯ ರಥವೂ ಸಂವಿಧಾನವೂ

ಉಡುಪಿಯಲ್ಲಿ ಪರ್ಯಾಯವು ಸಮೀಪಿಸುತ್ತಿದೆಯೆಂದರೆ ಮಧ್ವಸರೋವರದ ಮಗ್ಗುಲಲ್ಲಿ ಸೌದೆಯ ರಥವೊಂದು ಏಳತೊಡಗುತ್ತದೆ. ಸೀಳಿದ ಕೊರಡುಗಳನ್ನು ಅಡ್ಡಕ್ಕೂ ಉದ್ದಕ್ಕೂ ಒಂದರ ಮೇಲೊಂದು ಪೇರಿಸುತ್ತ, ಬುಡವನ್ನು ವಿಶಾಲವಾಗಿರಿಸಿ ಮೇಲೇರಿದಂತೆ ಕಿರಿದುಮಾಡುತ್ತ ಹೋದಾಗ ಕಡೆಗೆ ತೇರಿನ ಆಕೃತಿಯನ್ನೇ ತಳೆಯುವ ಆ ರಾಶಿ, ಯಾತ್ರಿಕರ ಕಣ್ಣಿಗೆ ಉತ್ಸವದ ಅಲಂಕಾರದಂತೆ ತೋರಿದರೂ, ಅಡುಗೆಯವರ ಕಣ್ಣಿಗೆ ಬರಲಿರುವ ದಿನಗಳ ಒಲೆಯ ಲೆಕ್ಕ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳೆಂದು ಬಹು ಮುಂಚಿನಿಂದಲೇ ಒಂದೊಂದಾಗಿ ನಡೆದುಬರುವ ಈ ಸಿದ್ಧತೆಗಳಲ್ಲಿ ಪ್ರತಿಯೊಂದಕ್ಕೂ ಮಂತ್ರವುಂಟು, ಪ್ರತಿಯೊಂದಕ್ಕೂ ರೊಕ್ಕವುಂಟು. ಸೌದೆಯನ್ನು ಕೊಳ್ಳುವುದು ಧರ್ಮವೋ ವ್ಯವಹಾರವೋ ಎಂದು ಯಾರಾದರೂ ಕೇಳಿದರೆ ರಥಬೀದಿಯ ಜನ ನಕ್ಕಾರು. ಆದರೆ ಅದೇ ಜಾತಿಯ ಪ್ರಶ್ನೆಯೊಂದು, ಅದೇ ಊರಿನಿಂದ ಹೊರಟು, ಮದರಾಸಿನ ಉಚ್ಚ ನ್ಯಾಯಾಲಯವನ್ನು ಹಾದು, 1954ರಲ್ಲಿ ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಮುಂದೆ ನಿಂತಿತು. ಭಾರತದಲ್ಲಿ ಧಾರ್ಮಿಕ ಸ್ವಾತಂತ್ರ್ಯವೆಂದರೇನೆಂಬುದಕ್ಕೆ ಅಂದು ದೊರೆತ ಉತ್ತರವನ್ನೇ ನಾವು ಇಂದಿಗೂ ಆ ಕಡೆ ಈ ಕಡೆ ಎಳೆದಾಡುತ್ತಿದ್ದೇವೆ.

ಆ ವ್ಯಾಜ್ಯದ ಕಥೆ ಮೂಲತಃ ಸಾಲದ ಕಥೆ. ಮಧ್ವಾಚಾರ್ಯರ ಪರಂಪರೆಯ ಎಂಟು ಮಠಗಳ ಯತಿಗಳು ಸರದಿಯಂತೆ ಕೃಷ್ಣಪೂಜೆಯನ್ನು ವಹಿಸಿಕೊಳ್ಳುವ ಈ ಪರ್ಯಾಯದ ಪದ್ಧತಿ, ಮೊದಲು ಎರಡೆರಡು ತಿಂಗಳಿನದಾಗಿದ್ದುದನ್ನು ವಾದಿರಾಜರು ಎರಡೆರಡು ವರ್ಷಕ್ಕೆ ವಿಸ್ತರಿಸಿದ ತರುವಾಯ, ಒಂದೊಂದು ಮಠಕ್ಕೆ ಹದಿನಾರು ವರ್ಷಕ್ಕೊಮ್ಮೆ ಬರುತ್ತದೆ. ಆ ಎರಡು ವರ್ಷ ಪೂಜೆಯ ಹೊಣೆಯೂ, ಬಂದವರಿಗೆಲ್ಲ ಅನ್ನವಿಕ್ಕುವ ಹೊಣೆಯೂ ಪೀಠವನ್ನೇರಿದ ಸ್ವಾಮಿಗಳದೇ. ಹಸ್ತಾಂತರದ ಬೆಳಗಿನ ಜಾವದಲ್ಲಿ ಒಬ್ಬ ಯತಿ ಇನ್ನೊಬ್ಬರ ಕೈಗೆ ಒಪ್ಪಿಸುವ ಪದಾರ್ಥಗಳು ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಬೀಗದ ಕೈ. ಮೂರರಲ್ಲಿ ಎರಡು ಅಡುಗೆಮನೆಯವೆಂಬುದನ್ನು ಗಮನಿಸಿದರೆ ಆ ಹೊಣೆಯ ಸ್ವರೂಪ ಬೇರೆ ವಿವರಣೆಯಿಲ್ಲದೆ ತಿಳಿದೀತು. ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರು 1919ರಲ್ಲಿ, ಇನ್ನೂ ಬಾಲಕರಾಗಿರುವಾಗಲೇ ಆಶ್ರಮವನ್ನು ಸ್ವೀಕರಿಸಿ, ಪ್ರಾಪ್ತವಯಸ್ಕರಾಗಿ 1926ರ ಸುಮಾರಿಗೆ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಮಠದ ಮೇಲೆ ಹಿಂದಿನವರ ಸಾಲದ ಹೊರೆಯಿತ್ತು. ಬಹುಪಾಲನ್ನು ತೀರಿಸಿದರು. ಮೊದಲ ಪರ್ಯಾಯ ಬಂದಿತು, ಮತ್ತೆ ಸಾಲವಾಯಿತು, ಹೇಗೋ ಸುಧಾರಿಸಿಕೊಂಡರು. ಎರಡನೆಯ ಪರ್ಯಾಯ ಬಂದದ್ದು 1946ರಲ್ಲಿ, ಮಹಾಯುದ್ಧವು ಆಗತಾನೆ ಮುಗಿದು, ಪದಾರ್ಥಗಳು ದುರ್ಲಭವಾಗಿ, ಬೆಲೆಗಳು ಕೈಗೆಟುಕದೆ ಹೋಗಿದ್ದ ಕಾಲದಲ್ಲಿ. ಹಸಿದವರು ಹೆಚ್ಚಿದ ವರ್ಷವೇ ಅನ್ನವಿಕ್ಕುವ ಸರದಿಯೂ ಬಂದಿತು. ಸಾಲವು ಒಂದು ಲಕ್ಷ ರೂಪಾಯಿಯ ಹತ್ತಿರಕ್ಕೆ ಬೆಳೆಯಿತು.

ಆ ಕಾಲಕ್ಕೆ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದೊಳಗಿದ್ದು, ಮಠಮಂದಿರಗಳ ಆಸ್ತಿಪಾಸ್ತಿಯ ಮೇಲೆ ಸರ್ಕಾರದ ಧಾರ್ಮಿಕ ದತ್ತಿ ಮಂಡಳಿಯ ಕಣ್ಣಿತ್ತು. ಮಂಡಳಿ ನಡುವೆ ಬಂದಿತು. 1948ರಲ್ಲಿ ಸ್ವಾಮಿಗಳು ಒಬ್ಬ ಏಜೆಂಟನಿಗೆ ಅಧಿಕಾರಪತ್ರ ಬರೆದುಕೊಟ್ಟರು. ಆತನು ಮಂಡಳಿಯ ಬೆಂಬಲದಿಂದ ತಮ್ಮನ್ನೇ ಮೀರಿ ನಡೆಯುತ್ತಿದ್ದಾನೆಂದು ದೂರಿ ಅದನ್ನು ಹಿಂದಕ್ಕೆ ಪಡೆದರು. ಮಂಡಳಿಯು ಮಠದ ಆಡಳಿತಕ್ಕೇ ಒಂದು ಯೋಜನೆಯನ್ನು ವಿಧಿಸಹೊರಟಿತು. ಸ್ವಾಮಿಗಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕು ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ 1951ರ ಹೊಸ ಕಾಯಿದೆ ಬಂದು, ಮಂಡಳಿಯ ಸ್ಥಾನದಲ್ಲಿ ಕಮಿಷನರರನ್ನು ಕೂರಿಸಿತು. ಕಮಿಷನರರೂ ಅವರ ಕೈಕೆಳಗಿನ ನೌಕರರೂ ಧಾರ್ಮಿಕ ಸಂಸ್ಥೆಯ ಆವರಣವನ್ನು ಪ್ರವೇಶಿಸಬಹುದೆಂದೂ, ಸಂಸ್ಥೆಯು ತನ್ನ ವರಮಾನದಲ್ಲಿ ನೂರಕ್ಕೆ ಐದರವರೆಗೆ ಸರ್ಕಾರಕ್ಕೆ ವಂತಿಗೆ ಸಲ್ಲಿಸತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಉಚ್ಚ ನ್ಯಾಯಾಲಯ ಹಲವು ಕಲಮುಗಳನ್ನು ಹೊಡೆದುಹಾಕಿತು. ಸರ್ಕಾರ ಮೇಲ್ಮನವಿ ಹೋಯಿತು.

ಇಷ್ಟರಲ್ಲಿ ದೇಶದಲ್ಲಿ ಒಂದು ದೊಡ್ಡ ಮಾರ್ಪಾಡು ಆಗಿತ್ತಷ್ಟೆ. 1950ರ ಜನವರಿ 26ರಿಂದ ನಮಗೊಂದು ಸಂವಿಧಾನವಿತ್ತು. ಅದು ಧರ್ಮದ ವಿಷಯದಲ್ಲಿ ತಂದ ಹೊಸತೇನೆಂಬುದನ್ನು ಅರಿಯಲು ನಮ್ಮ ನಾಡಿನ ಹಳೆಯ ಶಾಸನವೊಂದನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿಕೊಂಡಾಗ, ಆ ಅರಸನು ವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯವೂ ಕಲಶವೂ ಜೈನದರ್ಶನಕ್ಕೆ ಹಿಂದಿನಂತೆಯೇ ಸಲ್ಲತಕ್ಕವೆಂದು ಕಟ್ಟುಮಾಡಿದ ಸಂಗತಿ ಶ್ರವಣಬೆಳಗೊಳದ ಬಂಡೆಯ ಮೇಲಿದೆ. ಓದಿದ ಕನ್ನಡಿಗನ ಎದೆ ಉಬ್ಬಬೇಕಾದ ಬರಹ. ಆದರೂ ಒಂದು ಮಾತು: ಅಲ್ಲಿ ಜೈನರಿಗೆ ದೊರೆತದ್ದು ಒಳ್ಳೆಯ ದೊರೆಯ ನ್ಯಾಯಬುದ್ಧಿ. ದೊರೆ ಒಳ್ಳೆಯವನಲ್ಲದಿದ್ದರೆ? ಸಂವಿಧಾನ ಆ ಪ್ರಶ್ನೆಗೆ ಕೊಟ್ಟ ಉತ್ತರವೆಂದರೆ, ಕೈಹಿಡಿದು ಕೂಡಿಸುವ ದೊರೆಯನ್ನೇ ಕಥೆಯಿಂದ ತೆಗೆದುಬಿಟ್ಟದ್ದು. ದೂರು ಈಗ ದೊರೆಯಲ್ಲಿ ಅಲ್ಲ, ದೊರೆಯ ಮೇಲೆಯೇ. ಮೂಲಭೂತ ಹಕ್ಕಿಗೆ ಭಂಗ ಬಂದಿತೆನ್ನುವವನು 32ನೆಯ ಅನುಚ್ಛೇದದಂತೆ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನೇ ತಟ್ಟಬಹುದು. ಅದು ಬೇಡಿಕೆಯಲ್ಲ, ಹಕ್ಕು.

ಧರ್ಮವನ್ನು ಕುರಿತ ಅನುಚ್ಛೇದಗಳು 25ರಿಂದ 28ರವರೆಗೆ ನಾಲ್ಕು. ಮೊದಲನೆಯದರ ರಚನೆ ವಿಚಿತ್ರವಾದದ್ದು. ಹಕ್ಕನ್ನು ಕೊಡುವ ವಾಕ್ಯಗಳು ಸಾಮಾನ್ಯವಾಗಿ ಕೊಡುವುದನ್ನು ಮೊದಲು ಹೇಳಿ ಆಮೇಲೆ ಕೈಯನ್ನು ಹಿಡಿಯುತ್ತವೆ. 25ನೆಯದು ಕೈಹಿಡಿದೇ ಬಾಯಿ ತೆರೆಯುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ಸದಾಚಾರ, ಆರೋಗ್ಯ ಮತ್ತು ಈ ಭಾಗದ ಇತರ ಉಪಬಂಧಗಳಿಗೆ ಒಳಪಟ್ಟು ಎಂದು ಆರಂಭಿಸಿ, ಆಮೇಲೆ ಎಲ್ಲ ವ್ಯಕ್ತಿಗಳೂ ಅಂತಃಸಾಕ್ಷಿಯ ಸ್ವಾತಂತ್ರ್ಯಕ್ಕೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರಮಾಡುವ ಹಕ್ಕಿಗೂ ಸಮಾನವಾಗಿ ಬಾಧ್ಯರು ಎನ್ನುತ್ತದೆ. ವ್ಯಕ್ತಿಗಳು ಎಂದಿದೆಯೇ ಹೊರತು ನಾಗರಿಕರು ಎಂದಿಲ್ಲ. ಆದುದರಿಂದ ಈ ನೆಲದಲ್ಲಿ ನಿಂತ ವಿದೇಶೀಯನಿಗೂ ಅದು ಸಲ್ಲುತ್ತದೆ. ಧರ್ಮಕ್ಕೆ ಅಂಟಿಕೊಂಡ ಆರ್ಥಿಕ, ರಾಜಕೀಯ, ಲೌಕಿಕ ಚಟುವಟಿಕೆಗಳನ್ನು ರಾಜ್ಯವು ನಿಯಂತ್ರಿಸಬಹುದು. ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಹಿಂದೂಗಳ ಎಲ್ಲ ವರ್ಗದವರಿಗೂ ತೆರೆಸಬಹುದು. 26ನೆಯದು ವ್ಯಕ್ತಿಯನ್ನು ಬಿಟ್ಟು ಪಂಗಡದ ಕಡೆಗೆ ತಿರುಗಿ, ಧರ್ಮದ ವಿಷಯಗಳಲ್ಲಿ ತನ್ನ ವ್ಯವಹಾರವನ್ನು ತಾನೇ ನಡೆಸಿಕೊಳ್ಳುವ ಹಕ್ಕನ್ನು ಅದಕ್ಕೆ ಕೊಡುತ್ತದೆ. ಉಳಿದೆರಡು, ಒಂದು ಧರ್ಮದ ಅಭಿವೃದ್ಧಿಗೆಂದು ತೆರಿಗೆ ಎತ್ತಬಾರದೆಂದೂ, ಸರ್ಕಾರದ ಹಣದಿಂದಲೇ ಪೂರ್ಣವಾಗಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದೆಂದೂ ಹೇಳುವಂಥವು.

ಈ ವಾಕ್ಯಗಳು ಸುಲಭವಾಗಿ ಹುಟ್ಟಲಿಲ್ಲ. ಆಚರಿಸುವ ಎಂಬ ಒಂದೇ ಪದದ ಬಗೆಗೆ 1947ರಲ್ಲಿಯೇ ರಾಜಕುಮಾರಿ ಅಮೃತ ಕೌರ್ ಮತ್ತು ಹಂಸಾ ಮೆಹತಾ ಎಚ್ಚರಿಕೆ ಕೊಟ್ಟರು: ಆಚರಣೆಗೆ ಅಂಕೆಯಿಲ್ಲದ ರಕ್ಷೆ ದೊರೆತರೆ ಪರದೆ, ದೇವದಾಸಿ, ಸತಿ ಮೊದಲಾದ ಪದ್ಧತಿಗಳೂ ಅದೇ ಕೊಡೆಯ ಕೆಳಗೆ ಬಂದು ನಿಂತಾವು ಎಂಬುದು ಅವರ ಭಯ. ವಾಕ್ಯದ ಮೊದಲಿಗೇ ನಿಬಂಧನೆಗಳು ಬಂದು ಕುಳಿತದ್ದರ ಹಿಂದೆ ಇಂತಹ ಎಚ್ಚರವಿತ್ತು. ಪ್ರಸಾರಮಾಡುವ ಎಂಬ ಇನ್ನೊಂದು ಪದದ ಮೇಲೆ 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಕಾವೇರಿದ ಚರ್ಚೆಯಾಯಿತು. ಒರಿಸ್ಸಾದ ಲೋಕನಾಥ ಮಿಶ್ರರು ಅದನ್ನು ತೆಗೆಯಬೇಕೆಂದರು, ಟಿ. ಟಿ. ಕೃಷ್ಣಮಾಚಾರಿಯವರು ಎದ್ದು, ತಾವು ಹದಿನಾಲ್ಕು ವರ್ಷ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದರು. ಪದ ಉಳಿಯಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಡಗಿಲ್ಲವೆಂದು ಅರ್ಥಮಾಡಿತು. ಉಳಿದ ಪದಕ್ಕೆ ಉಳಿದ ಅರ್ಥವೆಷ್ಟೆಂಬುದು ಅಂದಿನಿಂದ ವಾದದ ವಿಷಯ. 1948ರ ಅದೇ ಡಿಸೆಂಬರಿನ 2ರಂದು ಅಂಬೇಡ್ಕರರು ಆಡಿದ ಇನ್ನೊಂದು ಮಾತು ನಮ್ಮ ಕಥೆಗೆ ಹೆಚ್ಚು ಹತ್ತಿರದ್ದು. ಈ ದೇಶದಲ್ಲಿ ಧರ್ಮದ ಕಲ್ಪನೆ ಜನನದಿಂದ ಮರಣದವರೆಗೆ ಬದುಕಿನ ಪ್ರತಿಯೊಂದು ಮಗ್ಗುಲನ್ನೂ ಆವರಿಸಿರುವುದರಿಂದ, ರಕ್ಷಣೆಯನ್ನು ಮೂಲತಃ ಧಾರ್ಮಿಕವಾದ ನಂಬಿಕೆ ಮತ್ತು ವಿಧಿಗಳಿಗೆ ಮಾತ್ರ ಸೀಮಿತಗೊಳಿಸದಿದ್ದರೆ ಯಾವ ಸುಧಾರಣೆಯೂ ಸಾಧ್ಯವಾಗದೆಂಬುದು ಅವರ ಅಭಿಪ್ರಾಯವಾಗಿತ್ತು. ಧಾರ್ಮಿಕವಾದದ್ದನ್ನು ಲೌಕಿಕವಾದದ್ದರಿಂದ ಬೇರ್ಪಡಿಸಿರಿ ಎಂದರು; ಧಾರ್ಮಿಕವಾದದ್ದರೊಳಗೇ ಮುಖ್ಯವೆಷ್ಟು ಅಮುಖ್ಯವೆಷ್ಟು ಎಂದು ತೂಗಿರಿ ಎನ್ನಲಿಲ್ಲ. ಕೂದಲೆಳೆಯಷ್ಟು ಸಣ್ಣದಾಗಿ ಕಾಣುವ ಈ ಅಂತರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಶಿರೂರು ಮಠದ ಮೇಲ್ಮನವಿಯ ತೀರ್ಪನ್ನು 1954ರಲ್ಲಿ ಬರೆದವರು ನ್ಯಾಯಮೂರ್ತಿ ಬಿಜನ್ ಕುಮಾರ್ ಮುಖರ್ಜಿಯವರು. ಸರ್ಕಾರದ ಪರವಾಗಿ ವಾದಿಸಿದ ಅಟಾರ್ನಿ ಜನರಲರು, ಧರ್ಮಕ್ಕೆ ಸಂಬಂಧಿಸಿದ್ದರೂ ಅದರ ಸಾರಭೂತ ಅಂಗವಲ್ಲದ ಲೌಕಿಕ ಚಟುವಟಿಕೆಗಳೆಲ್ಲ ರಾಜ್ಯದ ಅಂಕೆಗೆ ಒಳಪಡತಕ್ಕವೆಂದರು. ಸಾರಭೂತ ಯಾವುದೆಂದು ಹೇಳುವವರು ಯಾರು ಎಂಬುದೇ ಅಲ್ಲಿಯ ಗಂಟು. ಮುಖರ್ಜಿಯವರು ಅದನ್ನು ಬಿಚ್ಚಿದ ರೀತಿ ನಿಚ್ಚಳವಾಗಿದೆ: ಒಂದು ಧರ್ಮದ ಸಾರಭೂತ ಅಂಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ಅರಿಯತಕ್ಕದ್ದು. ಇಂತಿಂತಹ ಹೊತ್ತಿಗೆ ದೇವರಿಗೆ ನೈವೇದ್ಯವಾಗಬೇಕು, ಇಂತಿಂತಹ ಕಾಲಕ್ಕೆ ಉತ್ಸವ ನಡೆಯಬೇಕು, ದಿನವೂ ಪಾರಾಯಣವೋ ಅಗ್ನಿಕಾರ್ಯವೋ ಆಗಬೇಕು ಎಂದು ಒಂದು ಪಂಗಡದ ಮತವು ವಿಧಿಸಿದರೆ, ಅದಕ್ಕೆ ಹಣ ಖರ್ಚಾಗುತ್ತದೆ, ಅರ್ಚಕರಿಗೆ ಸಂಬಳ ಕೊಡಬೇಕಾಗುತ್ತದೆ, ಪದಾರ್ಥ ಕೊಳ್ಳಬೇಕಾಗುತ್ತದೆ ಎಂಬ ಕಾರಣದಿಂದ ಅದು ಲೌಕಿಕವಾಗಿಬಿಡುವುದಿಲ್ಲ. ಸೌದೆಯ ರಥವನ್ನು ಅವರು ಹೆಸರಿಸಿಲ್ಲ. ಆದರೆ ಅದಕ್ಕೂ ಉತ್ತರ ಅಲ್ಲಿಯೇ ಇದೆ. ಖರ್ಚಿನ ಪ್ರಮಾಣ ಅತಿಯಾಯಿತೇ ಎಂಬುದನ್ನು ಮಾತ್ರ ಕಾನೂನಿನಂತೆ ಲೌಕಿಕ ಅಧಿಕಾರಿಗಳು ನೋಡಬಹುದು. ಇನ್ನು ಅಧಿಕಾರಿಗಳ ಪ್ರವೇಶದ ಮಾತು. ದೇವರು ಇರುವ ಸ್ಥಾನದಂತಹ ಪವಿತ್ರವಾದ ಎಡೆಗೆ ಹೊರಗಿನವರನ್ನು ಬಿಡುವ ಪದ್ಧತಿ ಎಲ್ಲಿಯೂ ಇಲ್ಲವೆಂದೂ, ಮೂರ್ತಿಗೆ ಪೂಜೆಯ ಹೊತ್ತಿದ್ದಂತೆ ವಿಶ್ರಾಂತಿಯ ಹೊತ್ತೂ ಇದ್ದು ಆಗ ಯಾರೂ ತೊಂದರೆ ಮಾಡಕೂಡದೆಂದೂ ಹೇಳಿ, ಅಂಕೆಯಿಲ್ಲದ ಪ್ರವೇಶಾಧಿಕಾರವನ್ನು ನ್ಯಾಯಾಲಯ ರದ್ದುಮಾಡಿತು. ದೇವರ ನಿದ್ದೆಯ ಹೊತ್ತು ಗಣರಾಜ್ಯದ ಕಾನೂನು ವರದಿಗಳಲ್ಲಿ ಹೀಗೆ ದಾಖಲಾಯಿತು. ನೂರಕ್ಕೆ ಐದರ ವಂತಿಗೆ ಶುಲ್ಕವಲ್ಲ, ತೆರಿಗೆ, ಅದನ್ನು ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗಿಲ್ಲವೆಂದು ಅದೂ ಬಿದ್ದಿತು. ಆದರೆ ಕಾಯಿದೆಯೆಲ್ಲ ಬೀಳಲಿಲ್ಲ. ಆಸ್ತಿಯ ಲೆಕ್ಕವನ್ನು ರಾಜ್ಯವು ಕೇಳಬಹುದೆಂಬುದು ನಿಂತಿತು. ಮಠಗಳ ಹುಂಡಿಗೂ ಲೆಕ್ಕವುಂಟು, ಸರ್ಕಾರದ ಹೆಜ್ಜೆಗೂ ಹೊಸಿಲುಂಟು ಎಂಬಂತಹ ತೀರ್ಪು.

ನನ್ನ ತಕರಾರು ಇರುವುದು ತರುವಾಯದ ಕಥೆಯೊಡನೆ. ಅಧಿಕಾರಿಯನ್ನು ತಡೆಯಲೆಂದು ಮಾಡಿದ ಗೋಡೆ ಬರಬರುತ್ತ ಭಕ್ತನನ್ನು ಅಳೆಯುವ ಗಜಕಡ್ಡಿಯಾಯಿತು. 1961ರಲ್ಲಿ ಅಜ್ಮೀರ ದರ್ಗಾದ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರರು, ಧಾರ್ಮಿಕವೆಂದು ಕಾಣುವ ಆಚರಣೆಗಳಲ್ಲಿ ಬರಿಯ ಮೂಢನಂಬಿಕೆಯಿಂದ ಹುಟ್ಟಿಕೊಂಡ ಬೆಳಸೂ ಇರಬಹುದಾದುದರಿಂದ, ಸಾರಭೂತವಾದದ್ದಕ್ಕೆ ಮಾತ್ರ ರಕ್ಷಣೆಯೆಂದು ಸೂಚಿಸಿದರು. ಆಗ ಧರ್ಮದ ಸಿದ್ಧಾಂತವನ್ನು ಕೇಳುವ ಬದಲು ನ್ಯಾಯಪೀಠವು ತನ್ನನ್ನೇ ಕೇಳಿಕೊಳ್ಳಲು ದಾರಿಯಾಯಿತು. ಅಂಬೇಡ್ಕರರು ಎಳೆದ ಗೆರೆ ಧರ್ಮಕ್ಕೂ ಲೋಕಕ್ಕೂ ನಡುವಿನದಾಗಿತ್ತು; ಈ ಹೊಸ ಗೆರೆ ಧರ್ಮದ ಹೊಟ್ಟೆಯೊಳಗೇ ಹಾದುಹೋಯಿತು. ಶಾಸ್ತ್ರವನ್ನು ಓದಿ ಅರ್ಥ ಹೇಳುವ ಕೆಲಸ ಆಚಾರ್ಯರಿಂದ ವಕೀಲರಿಗೆ ವರ್ಗವಾಯಿತೆಂದರೂ ಸಲ್ಲುತ್ತದೆ. 2018ರ ಶಬರಿಮಲೆಯ ತೀರ್ಪಿನಲ್ಲಿ ನಾಲ್ವರು ಒಂದು ಕಡೆಯಾದರೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಒಬ್ಬರೇ ಇನ್ನೊಂದು ಕಡೆ ನಿಂತು, ಧರ್ಮದ ವಿಷಯದಲ್ಲಿ ತರ್ಕವನ್ನು ಒರೆಗಲ್ಲು ಮಾಡಲಾಗದೆಂದರು.

ಆ ಗಜಕಡ್ಡಿ ಮರಳಿ ಉಡುಪಿಗೇ ಬಂದದ್ದು ಇತಿಹಾಸದ ಕುಚೋದ್ಯವೆನ್ನಬೇಕು. ಅಲ್ಲಿಯ ಒಂದು ಕಾಲೇಜಿನಲ್ಲಿ ತಲೆವಸ್ತ್ರ ತೊಟ್ಟು ತರಗತಿಗೆ ಬರಬಯಸಿದ ವಿದ್ಯಾರ್ಥಿನಿಯರ ಪ್ರಶ್ನೆ ರಾಜ್ಯಕ್ಕೆಲ್ಲ ಹಬ್ಬಿ, 2022ರ ಮಾರ್ಚ್ 15ರಂದು ಕರ್ನಾಟಕ ಉಚ್ಚ ನ್ಯಾಯಾಲಯವು, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ತೀರ್ಮಾನಿಸಿತು. ಅದೇ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಹೇಮಂತ ಗುಪ್ತರು ಸರ್ಕಾರದ ಆಜ್ಞೆಯನ್ನು ಎತ್ತಿಹಿಡಿದರು; ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅದನ್ನು ತಳ್ಳಿ, ಅತ್ಯಗತ್ಯವೋ ಅಲ್ಲವೋ ಎಂಬ ವಿಚಾರಣೆಯೇ ಅಲ್ಲಿ ಅಗತ್ಯವಿರಲಿಲ್ಲ, ಅದು ಆಯ್ಕೆಯ ಪ್ರಶ್ನೆ ಎಂದರು. ತಮ್ಮ ಮಾತಿಗೆ ಅವರು ಆಧಾರವಾಗಿ ಹಿಡಿದದ್ದು 1986ರ ಕೇರಳದ ಒಂದು ಪ್ರಕರಣವನ್ನು. ಯೆಹೋವನ ಸಾಕ್ಷಿಗಳೆಂಬ ಪಂಗಡದ ಮೂವರು ಮಕ್ಕಳು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ರಾಷ್ಟ್ರಗೀತೆಗೆ ಎಲ್ಲರೊಡನೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತುಟಿ ಮಾತ್ರ ಅಲುಗಿಸುತ್ತಿರಲಿಲ್ಲ; ಶಾಲೆಯಿಂದ ಹೊರಹಾಕಿದರು. ಆ ಪಂಗಡದ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೇ ಎಂಬುದಲ್ಲ, ಅದನ್ನು ಅವರು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿದರು. ಹಾಡದೆ ನಿಂತ ಮಗುವನ್ನು ಕುರಿತು ಅಷ್ಟು ಸರಳವಾಗಿ ಯೋಚಿಸುವುದು ಕಷ್ಟವೆಂಬುದು, ಇಂದು ಯಾವುದಾದರೂ ಶಾಲೆಯ ಅಂಗಳದಲ್ಲಿ ನಿಂತರೆ ತಿಳಿಯುತ್ತದೆ.

ಹಾಗಾದರೆ ಅಂಕೆ ಬೇಡವೇ? ಪ್ರಾಮಾಣಿಕವಾಗಿ ನಂಬಿದ ಅನ್ಯಾಯಗಳು ನಮ್ಮಲ್ಲಿ ಕಡಿಮೆಯೇ? ಇದಕ್ಕೆ ನನಗೆ ತೋರುವ ಉತ್ತಮವಾದ ಉತ್ತರವೂ ಕರಾವಳಿಯದೇ, ಶಾಂಭವಿ ನದಿಯ ದಡದ ಮೂಲ್ಕಿಯದು. ಅಲ್ಲಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಸಮುದಾಯದ್ದು. ಹರಿಜನರಿಗೂ ದೇವಾಲಯಗಳನ್ನು ತೆರೆಯುವ ಮದರಾಸಿನ 1947ರ ಕಾಯಿದೆ ತಮಗೆ ಅನ್ವಯಿಸದೆಂದು ಮೊಕ್ತೇಸರರು ದಾವೆ ಹೂಡಿದರು. ವ್ಯಾಜ್ಯ ಮೇಲೇರಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದ ಹೊತ್ತಿಗೆ 1956ರ ನವೆಂಬರ್ 1 ಕಳೆದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತ್ತು. ಮದರಾಸಿನ ಮೇಲೆ ಹೂಡಿದ ದಾವೆ ಮೈಸೂರಿನ ಮೇಲಿನ ದಾವೆಯಾಗಿ ವರದಿಯಾಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಟಿ. ಎಲ್. ವೆಂಕಟರಾಮ ಅಯ್ಯರ್, ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಲ್ಲಿ ಪಾರಂಗತರಾಗಿ, ಮದರಾಸಿನ ಸಂಗೀತ ವಿದ್ವತ್ಸಭೆಯಿಂದ 1944ರಲ್ಲಿ ಸಂಗೀತ ಕಲಾನಿಧಿ ಬಿರುದು ಪಡೆದ ಮನುಷ್ಯ. ಎರಡು ಸ್ವರಗಳು ಒಂದನ್ನೊಂದು ಕೊಲ್ಲದಂತೆ ಕೂಡಿಸುವುದು ಅವರಿಗೆ ಹೊಸತಾಗಿರಲಿಲ್ಲವೆಂದು ನಾನು ಎಣಿಸುವುದುಂಟು.

ಅವರು ಮಾಡಿದ್ದೇನೆಂದರೆ, ಆಗಮಗಳನ್ನು ನೋಡಿ, ದೇವಾಲಯದೊಳಗೆ ಯಾರು ಎಲ್ಲಿಯವರೆಗೆ ಬರಬಹುದೆಂಬುದು ಧರ್ಮದ ವಿಷಯವೇ ಹೌದೆಂದು ಮೊದಲು ಒಪ್ಪಿದರು. ಈ ದೇವಾಲಯ ಒಂದು ಪಂಗಡದ್ದೇ ಹೌದೆಂದೂ ಒಪ್ಪಿದರು. ಇದು ನಿಮ್ಮ ಧರ್ಮವಲ್ಲ, ಮೂಢನಂಬಿಕೆ ಎಂದು ಮೊಕ್ತೇಸರರಿಗೆ ಹೇಳಿ ಕಳುಹಿಸುವ ಸುಲಭವಾದ ದಾರಿಯನ್ನು ಹಿಡಿಯಲಿಲ್ಲ. ನಿಮ್ಮ ಧರ್ಮವೇ ಸರಿ. ಆದರೂ ಹುಟ್ಟಿನ ಕಾರಣದಿಂದ ಹೊರಗೆ ನಿಂತವನಿಗೆ ಸಂವಿಧಾನವು ಬಾಗಿಲನ್ನು ತೆರೆಸುವ ಅಧಿಕಾರವನ್ನು ಕೊಟ್ಟಿದೆ, ಆ ಅಧಿಕಾರಕ್ಕೆ ನಿಮ್ಮ ಪಂಗಡದ ಹಕ್ಕು ಬಾಗಬೇಕು ಎಂದರು. ಸೋತವನಿಗೆ ಅವನ ಸೋಲಿನ ನಿಜವಾದ ಕಾರಣವನ್ನು ಹೇಳುವ ಈ ಸಭ್ಯತೆ ಆಮೇಲಿನ ಎಷ್ಟೋ ತೀರ್ಪುಗಳಲ್ಲಿ ಕಾಣುವುದಿಲ್ಲ. ಇನ್ನೊಂದು ಕಡೆ, ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಪಂಗಡದ ಹಕ್ಕು ಸೊನ್ನೆಯಾಗಬಾರದೆಂದು, ಆ ಸಮುದಾಯದವರಿಗೆ ಮಾತ್ರ ಭಾಗಿಗಳಾಗುವ ಅಧಿಕಾರವಿದ್ದ ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಉಳಿದವರನ್ನು ಹೊರಗಿರಿಸಲು ಉಚ್ಚ ನ್ಯಾಯಾಲಯ ಕೊಟ್ಟಿದ್ದ ಅವಕಾಶವನ್ನು ಕಾಯ್ದುಕೊಂಡರು. ಆ ಸೇವೆಗಳನ್ನು ಬಿಟ್ಟರೂ ಉಳಿದವರಿಗೆ ದರ್ಶನಕ್ಕೆ ಸಾಕಷ್ಟು ಹೊತ್ತು ಉಳಿಯುತ್ತದೆಂಬುದನ್ನು ನೋಡಿಕೊಂಡೇ. 1957ರ ನವೆಂಬರ್ 8ರಂದು ತೀರ್ಪು ಹೊರಬಿದ್ದಿತು. ಮೊಕ್ತೇಸರರ ಮೇಲ್ಮನವಿಯೂ ಬಿದ್ದಿತು, ಆ ಕೆಲವು ಸೇವೆಗಳ ವಿರುದ್ಧ ಸರ್ಕಾರ ಹೂಡಿದ್ದ ಮನವಿಯೂ ಬಿದ್ದಿತು. ಬಾಗಿಲು ಮಾತ್ರ ತೆರೆಯಿತು.